ಅತ್ತೆಯ ಕಣ್ಣಿಗಾಗಿ ನಡೆದ ರಾಜಕುಮಾರಿಯ ಮದುವೆ

ಇನ್ನೊಬ್ಬರಿಗೆ ಕಾದಂಬರಿ ಓದಿ ಹೇಳುವುದು ಸುಲಭದ ಕೆಲಸವೆಂದು ನಾನು ತಿಳಿದಿದ್ದೆ. ಗಂಟಲು ನೆಟ್ಟಗಿದ್ದು, ಕನ್ನಡಕ ಕೈಗೆ ಸಿಕ್ಕರೆ ಮುಗಿಯಿತು ಎಂದುಕೊಂಡಿದ್ದೆ. ಕೇಳುವವರು ನಮ್ಮ ಅತ್ತೆಯಾದರೆ ಅಷ್ಟು ಸಾಲದೆಂಬುದು ಈಚೆಗೆ ತಿಳಿಯಿತು.

ಚಿಂಚೋಳಿಯ ಅತ್ತೆ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು, ಸೇಡಂನ ನಮ್ಮ ಮನೆಯಲ್ಲೇ ಉಳಿದಿದ್ದರು. ಕಣ್ಣಿಗೆ ನೀರು ತಾಗಬಾರದು, ಉಜ್ಜಬಾರದು, ಮುಖ್ಯವಾಗಿ ಅಳಬಾರದು ಎಂದು ಡಾಕ್ಟರು ಹೇಳಿದ್ದರು. ಧಾರಾವಾಹಿ ನೋಡಿದರೆ ಅಳು ಖಂಡಿತವೆಂದು ನನ್ನ ಹೆಂಡತಿ ಸುಧಾ ಟಿವಿ ಬಂದ್ ಮಾಡಿಸಿ, ಸಂಜೆ ಚಹಾದ ನಂತರ ಏನಾದರೂ ಓದಿ ಹೇಳುವ ಕೆಲಸವನ್ನು ನನಗೆ ಹಚ್ಚಿದಳು. ನಾನು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಸುತ್ತೋಲೆ ಓದಿದರೆ ಅತ್ತೆ ಕೇಳುವವರಲ್ಲ. ಲೈಬ್ರರಿಯಿಂದ ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ಕನ್ನಡ ಅನುವಾದ ತಂದೆ. ಹುಡುಗನಿದ್ದಾಗ ಓದಿದ್ದೆ; ಕತ್ತಿವರಸೆ ಬಿಟ್ಟರೆ ಬೇರೇನೂ ನೆನಪಿರಲಿಲ್ಲ.

ಪಟ್ಟಾಭಿಷೇಕದ ಮುನ್ನ ರಾಜನಿಗೆ ಮದ್ದು ಹಾಕಿ ಮಲಗಿಸುತ್ತಾರೆ, ಆಮೇಲೆ ಅವನ ಮಲತಮ್ಮ ಅವನನ್ನು ಸುತ್ತ ನೀರಿರುವ ಕೋಟೆಯಲ್ಲಿ ಸೆರೆಯಿಡುತ್ತಾನೆ. ರಾಜನನ್ನೇ ಹೋಲುವ ಪರದೇಶಿ ಯುವಕನೊಬ್ಬ ಸಿಂಹಾಸನದ ಮೇಲೆ ಕೂರುತ್ತಾನೆ. ರಾಜನಿಗೆಂದು ಗೊತ್ತುಮಾಡಿದ ರಾಜಕುಮಾರಿ ಈ ಯುವಕನಿಗೇ ಮನಸೋಲುತ್ತಾಳೆ. ಅತ್ತೆಯೂ ಸೋತರು.

"ಕೋಟಿ ಸುತ್ತ ನೀರು ಅಂದ್ರ ನಮ್ಮ ಮಳಖೇಡದ ಕೋಟಿಯಂಗೇನ್ರಿ, ಅಳಿಯಂದ್ರ?"

"ಹೂಂ ಅತ್ತಿ, ಕಾಗಿಣಾ ಹೊಳಿನೇ ಅಂತ ತಿಳ್ಕೊಳ್ರಿ."

"ಇದನ್ನ ಬರದಾವ ಏನ್ ಮಾಡ್ಕೊಂಡಿದ್ದ?"

"ವಕೀಲಿ ಮಾಡ್ತಿದ್ನಂತ್ರಿ."

"ಹಂಗಾದ್ರ ಹೆದರಿಕಿ ಇಲ್ಲ ಬಿಡ್ರಿ. ಆ ಹುಡುಗನ್ನ ಗೆಲ್ಲಿಸೇ ಗೆಲ್ಲಿಸ್ತಾನ!"

ಅವರ ಭರವಸೆ ನೋಡಿ ನನಗೆ ದಿಗಿಲಾಯಿತು. ಮರುದಿನ ಪುಸ್ತಕವನ್ನು ಆಫೀಸಿಗೆ ಒಯ್ದು ಕೊನೆಯ ಅಧ್ಯಾಯ ತೆರೆದೆ. ವಕೀಲ ಕೈಕೊಟ್ಟಿದ್ದ. ಯುವಕ ರಾಜನನ್ನು ಬಿಡಿಸಿ ಸಿಂಹಾಸನ ಮರಳಿಸುತ್ತಾನೆ. ರಾಜಕುಮಾರಿ ರಾಜ್ಯದ ಮಾನಕ್ಕಾಗಿ ಅಲ್ಲೇ ಉಳಿಯುತ್ತಾಳೆ. ಇಬ್ಬರೂ ಶಾಶ್ವತವಾಗಿ ಅಗಲುತ್ತಾರೆ. ನನ್ನ ಕಣ್ಣೇ ತುಂಬಿದ್ದು ಕಂಡು ಪಕ್ಕದ ಟೇಬಲ್ಲಿನವರು, "ಯಾಕ್ರಿ, ಟ್ರಾನ್ಸ್‌ಫರ್ ಆರ್ಡರ್ ಬಂತೇನು?" ಎಂದರು.

ಕಥೆ ಕೊನೆಯ ಅಧ್ಯಾಯಕ್ಕೆ ಬಂದ ಸಂಜೆ ಪುಸ್ತಕ ನೋಡುತ್ತಲೇ ನನ್ನದೇ ಕಥೆ ಹೇಳಿದೆ. ರಾಜಕುಮಾರಿಗೂ ಯುವಕನಿಗೂ ಭರ್ಜರಿ ಮದುವೆ ಮಾಡಿಸಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅತ್ತೆ, "ಊಟಕ್ಕೇನು ಮಾಡಿದ್ರಂತ?" ಎಂದು ಕೇಳಿದರು. ಬಾಯಿಗೆ ಬಂದದ್ದು ಹೋಳಿಗೆ. ಯುರೋಪಿನ ಅರಮನೆಯಲ್ಲಿ ಹೋಳಿಗೆ!

"ಆ ಊರಾಗ ಹೂರಣ ರುಬ್ಬಾವ್ರು ಯಾರಿದ್ರಿ?" ಎಂದ ಅತ್ತೆ ತುಸು ತಡೆದು, "ಖರೇ ರಾಜನ ಗತಿ ಏನಾತು? ಪಾಪ, ಕೋಟ್ಯಾಗ ಸೊರಗಿದ್ದ" ಎಂದರು. ದನಿ ಆಗಲೇ ತೇವವಾಗತೊಡಗಿತ್ತು.

"ಅವ... ಅವನಿಗೆ ವೈರಾಗ್ಯ ಬಂದು ಯಾತ್ರಿಗೆ ಹೋದ್ನಂತ್ರಿ. ಭಾಳ ಸುಖವಾಗಿದ್ನಂತ."

ಅಡುಗೆಮನೆಯಲ್ಲಿ ಸುಧಾಳಿಗೆ ಜೋರು ಕೆಮ್ಮು ಬಂತು. ಅತ್ತೆ ಮಾತ್ರ "ಛಲೋ ಆತು" ಎಂದು ಹೋಗಿ ಮಲಗಿದರು. ಕಣ್ಣು ಒಣಗಿಯೇ ಇತ್ತು. ಒಂದು ರಾಜ್ಯವನ್ನು ಉಳಿಸಿದಷ್ಟು ಹೆಮ್ಮೆ ನನಗೆ.

ಕಣ್ಣು ವಾಸಿಯಾಗಿ ಹೊಸ ಕನ್ನಡಕ ಬಂದ ಮೇಲೆ ಅತ್ತೆ ಮಾಡಿದ ಮೊದಲ ಕೆಲಸವೆಂದರೆ ಆ ಪುಸ್ತಕವನ್ನು ತಾವೇ ಓದಿದ್ದು. ಲೈಬ್ರರಿಗೆ ಹಿಂತಿರುಗಿಸುವ ಬುದ್ಧಿ ನನಗೆ ಹೊಳೆದಿರಲಿಲ್ಲ. ಬೆಳಗ್ಗೆ ಚಹಾ ಕುಡಿಯಲು ಬಂದಾಗ ಅವರ ಕಣ್ಣುಗಳು ಕೆಂಪಾಗಿದ್ದವು.

"ತಪ್ಪಾತ್ರಿ ಅತ್ತಿ. ನೀವು ಅಳಬಾರ್ದು ಅಂತ..."

"ನೀವು ಓದ್ಲಿಕತ್ತಿಲ್ಲಂತ ಆವತ್ತೇ ಗೊತ್ತಾಗಿತ್ತು. ಮದುವಿ ಮುಗಿಯೂತನಾ ಒಂದು ಹಾಳಿನೂ ತಿರುವಲಿಲ್ಲ ನೀವು" ಎಂದು ನಕ್ಕರು. "ಇಷ್ಟು ಕಷ್ಟಪಟ್ಟು ಹೇಳ್ಲಿಕತ್ತಾರ, ಹೇಳ್ಲಿ ಅಂತ ಸುಮ್ಮನಿದ್ದೆ. ಖರೇ ಹೇಳ್ಲೇನ್ರಿ? ವಕೀಲನ ಕಥಿ ಓದಿ ರಾತ್ರಿಯೆಲ್ಲ ನಿದ್ದಿ ಬರ್ಲಿಲ್ಲ. ನಿಮ್ಮದು ಕೇಳಿದ ದಿನ ಎಷ್ಟು ಛಲೋ ನಿದ್ದಿ ಬಂದಿತ್ತು!"

ನಾನು ಹಿಗ್ಗಿ ಎರಡನೆಯ ಲೋಟ ಚಹಾ ಹಾಕಿಸಿಕೊಂಡೆ. ಆ ವಕೀಲನಿಗಿಂತ ನಾನೇ ಮೇಲೆಂದು ಸುಧಾಳಿಗೂ ಹೇಳಿದೆ. ಅವಳು ಯಾಕೆ ಅಷ್ಟು ಹೊತ್ತು ನಕ್ಕಳೆಂಬುದು ಆಫೀಸಿನ ಮೆಟ್ಟಿಲು ಹತ್ತುವಾಗ ನನಗೆ ಅರ್ಥವಾಯಿತು: ಅತ್ತೆ ಹೊಗಳಿದ್ದು ನನ್ನ ಕಥೆಯನ್ನಲ್ಲ, ಅದು ತರಿಸಿದ ನಿದ್ದೆಯನ್ನು.