ಹೆಲ್ಮೆಟ್ಟಿನೊಳಗಿನ ಸಂಸಾರ

ಕೋರ್ಟಿಗೆ ಹೋಗಬೇಕೆಂದರೆ ಜನ ಊಟ ನಿದ್ದೆ ಬಿಡುತ್ತಾರಂತೆ. ನಾನು ಹಿಂದಿನ ದಿನವೇ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿ, ಅರ್ಧ ಓದಿ ಬಿಟ್ಟಿದ್ದ ಕಾದಂಬರಿಯೊಂದನ್ನು ಚೀಲಕ್ಕೆ ಸೇರಿಸಿ, ತವರಿಗೆ ಹೊರಟವಳ ಹಾಗೆ ಸಿದ್ಧಳಾಗಿದ್ದೆ.

ಅಪರಾಧವೇನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವವಳು. ಒಂದು ಸಂಜೆ ಅಲ್ಲಿಂದ ಸ್ಕೂಟರಿನಲ್ಲಿ ಮನೆಗೆ ಬರುವಾಗ ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಗೆ ಒತ್ತಿ ಸಿಕ್ಕಿಸಿಕೊಂಡಿದ್ದೆ. ಅದರೊಳಗಿದ್ದವರು ನಮ್ಮ ಯಜಮಾನರು. (ಅವರಿಗೆ ನಾನಿಟ್ಟ ಹೆಸರು ಎಲ್ಲಿದೆರಾಯರು. ಮದುವೆಯಾದಾಗಿನಿಂದ ನಾವಿರುವುದು ಅದೇ ಮನೆ, ಅಡುಗೆಮನೆಯಲ್ಲಿರುವುದು ಅವೇ ಕಪಾಟುಗಳು. ಅವರು ಮಾತ್ರ ಅಲ್ಲಿಗೆ ದಿನವೂ ಹೊಸದಾಗಿ ಬಂದಿಳಿಯುವ ಪ್ರವಾಸಿ.)

"ಲೇ, ಸಕ್ಕರೆ ಎಲ್ಲಿದೆ?"

"ಒಲೆ ಪಕ್ಕದ ಕಪಾಟು, ಎರಡನೇ ಸಾಲು, ಹಿಂದುಗಡೆ."

"ಇಲ್ಲಿ ಇಲ್ವಲ್ಲೇ."

"ಮುಂದಿರೋ ಡಬ್ಬಿ ಸರಿಸಿ ನೋಡ್ರೀ."

"ಯಾವ ಕಡೆಗೆ ಸರಿಸಲಿ?"

ಈ ಗಹನವಾದ ಪ್ರಶ್ನೆಗೆ ನಾನು ಉತ್ತರ ಯೋಚಿಸುತ್ತಿದ್ದಾಗ ಕಂಬದ ಮೇಲಿನ ಕ್ಯಾಮೆರಾ ನನ್ನ ಚಿತ್ರ ತೆಗೆಯಿತು.

ನೋಟಿಸು ಮನೆಗೆ ಬಂತು. "ಫೋನಲ್ಲೇ ದಂಡ ಕಟ್ಟಿಬಿಡು, ಕೆಲಸ ಮುಗೀತು," ಎಂದು ಯಜಮಾನರು ತೀರ್ಪು ಕೊಟ್ಟರು. ನಾನು ಕೆಳಗಿನ ಸಣ್ಣ ಅಕ್ಷರಗಳನ್ನು ಓದುತ್ತಿದ್ದೆ. ಬೇಕಿದ್ದರೆ ಖುದ್ದಾಗಿ ಹಾಜರಾಗಬಹುದು. ನ್ಯಾಯಾಲಯದೊಳಗೆ ಮೊಬೈಲ್ ಫೋನನ್ನು ಬಂದ್ ಮಾಡಿರತಕ್ಕದ್ದು. ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು.

ಆ ಸಾಲುಗಳನ್ನು ಪ್ರೇಮಪತ್ರದಂತೆ ಮತ್ತೆ ಮತ್ತೆ ಓದಿದೆ. ಯಾರೂ ಏನನ್ನೂ 'ಎಲ್ಲಿದೆ' ಎಂದು ಕೇಳಲಾಗದ ಒಂದಿಡೀ ದಿನ, ಅದೂ ಸರಕಾರದ ಆಜ್ಞೆಯ ಮೇರೆಗೆ!

"ನಾನು ಕೋರ್ಟಿಗೇ ಹೋಗ್ತೀನಿ," ಎಂದೆ.

"ಫೋಟೋದಲ್ಲಿ ಅಷ್ಟು ಚೆನ್ನಾಗಿ ಬಿದ್ದಿದ್ದೀಯ. ವಾದ ಮಾಡೋಕೆ ಏನಿದೆ?"

"ನ್ಯಾಯದ ಪ್ರಶ್ನೆ ಇದೆ."

"ಹೋಗಿಬರಲಿ ಬಿಡೋ," ಎಂದು ಅತ್ತೆ ನನ್ನ ಪರ ವಹಿಸಿದರು. "ಅವಳಿಗೂ ಒಂದು ದಿನ ಬಿಡುವು ಸಿಕ್ಕ ಹಾಗಾಗುತ್ತೆ. ಅಂದ ಹಾಗೆ, ನನ್ನ ಮಂಡಿಗೆ ಹಚ್ಚೋ ಮುಲಾಮು ಎಲ್ಲಮ್ಮ?"

ಕೋರ್ಟಿನ ಬಾಗಿಲಲ್ಲಿ ಕಾವಲಿನವನು "ಫೋನ್ ಬಂದ್ ಮಾಡಿ" ಎಂದು ಗದರಿದ. ನನ್ನ ಜನ್ಮದಲ್ಲಿ ಯಾರ ಮಾತನ್ನೂ ಅಷ್ಟು ಬೇಗ ಪಾಲಿಸಿರಲಿಲ್ಲ. ಗೋಡೆಗೆ ಒತ್ತಿದ ಬೆಂಚು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಇನ್ಯಾರೋ ಹೆಸರು ಕೂಗುತ್ತಿದ್ದರು, ಇನ್ಯಾರೋ ನೆಲ ಗುಡಿಸುತ್ತಿದ್ದರು. ನನ್ನದಲ್ಲದ ಕೆಲಸವೂ ಲೋಕದಲ್ಲಿ ಇದೆ ಎಂಬುದು ನನಗೆ ಮರೆತೇಹೋಗಿತ್ತು. ಕಾಲು ಚಾಚಿ ಪುಸ್ತಕ ತೆರೆದೆ. ಪಕ್ಕದವರು "ಇನ್ನೂ ಎಷ್ಟು ಹೊತ್ತೋ" ಎಂದು ಗೊಣಗಿದಾಗಲೆಲ್ಲ "ನೀವು ಮುಂದೆ ಹೋಗಿ, ನನಗೇನೂ ಅವಸರವಿಲ್ಲ" ಎಂದು ಸರದಿ ದಾನ ಮಾಡಿದೆ.

ಆದರೆ ಹಾಳು ಕಣ್ಣು ಸುಮ್ಮನಿರಬೇಕಲ್ಲ. ಒಂದು ಕಣ್ಣು ಕಾದಂಬರಿಯ ನಾಯಕಿಯ ಮೇಲಿದ್ದರೆ ಇನ್ನೊಂದು ಗುಮಾಸ್ತರ ಮೇಲೆ. ಅವರು ಫೈಲುಗಳನ್ನು ಮೇಜಿನಿಂದ ಕುರ್ಚಿಗೆ, ಕುರ್ಚಿಯಿಂದ ಕಿಟಕಿಗೆ ಸಾಗಿಸಿ, ಮೇಲೆ ತಮ್ಮ ಊಟದ ಚೀಲ ಇಟ್ಟು, ಎಲ್ಲವನ್ನೂ ವ್ಯವಸ್ಥೆ ಮಾಡಿದವರಂತೆ ಕೈ ಕೊಡವಿಕೊಂಡರು. ನೋಡಿದ ಕೂಡಲೇ ಗೊತ್ತಾಯಿತು, ಎಲ್ಲಿದೆರಾಯರ ವಂಶದವರೇ.

ಕೊನೆಗೆ ನನ್ನ ಹೆಸರು ಕೂಗಿದರು. ಪೀಠದ ಮೇಲಿದ್ದವರು ದಪ್ಪ ಕನ್ನಡಕದ ಹಿರಿಯ ಹೆಂಗಸು. ಗುಮಾಸ್ತರು ನನ್ನ ಫೈಲಿಗಾಗಿ ಮೇಜು ತಡಕಿದರು. "ಈಗ ತಾನೇ ಇಲ್ಲೇ ಇತ್ತು ಮೇಡಂ." (ಈ ವಾಕ್ಯ ನನಗೆ ಬಾಯಿಪಾಠ.)

"ಸಿಗದೇ ಹೋದರೆ ಮುಂದಿನ ತಿಂಗಳಿಗೆ ಹಾಕಿ," ಎಂದರು ನ್ಯಾಯಾಧೀಶರು. ನನ್ನ ಕಡೆ ತಿರುಗಿ, "ಪಾಪ, ನೀವು ಇನ್ನೊಂದು ದಿನ ಬರಬೇಕಾಗುತ್ತೆ," ಎಂದರು.

ಇನ್ನೊಂದು ದಿನ! ಇನ್ನೊಂದು ಕಾದಂಬರಿ! ನಾನು ಮಾಡಬೇಕಾದ್ದಿಷ್ಟೇ: ಬಾಯಿ ಮುಚ್ಚಿಕೊಂಡಿರುವುದು. ಹಲ್ಲು ಕಚ್ಚಿ ನಿಂತೆ. ಗುಮಾಸ್ತರು ಬೀರು ತೆರೆದು ಮುಚ್ಚಿದರು. ಮೇಜಿನ ಕೆಳಗೆ ಬಗ್ಗಿದರು. ಅಡಿಯಲ್ಲಿ ಹಾವಿದೆಯೇನೋ ಎಂಬಂತೆ ಎರಡೇ ಬೆರಳಲ್ಲಿ ಒಂದು ಕಾಗದ ಎತ್ತಿ ಇಣುಕಿದರು. ನನ್ನ ಕೈ ಕಡಿಯತೊಡಗಿತು. ಕಿಟಕಿಯ ಹತ್ತಿರ ಹೋದರು, ಊಟದ ಚೀಲವನ್ನು ಕಣ್ಣಾರೆ ನೋಡಿದರು, ಬರಿಗೈಲಿ ಹಿಂದಕ್ಕೆ ತಿರುಗಿದರು.

"ಆ ಚೀಲ ಸರಿಸಿ ನೋಡ್ರೀ."

ಯಾರಪ್ಪ ಅಂದದ್ದು ಎಂದು ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಬಾಯಿ ಕೇಳಬೇಕಲ್ಲ. "ನನ್ನ ಹೆಸರಿರೋದು ಕಂದು ರಟ್ಟಿನದು, ಕೆಳಗಿನಿಂದ ಮೂರನೇದು. ಚಹಾ ಕುಡಿಯೋಕೆ ಮುಂಚೆ ನೀವೇ ಇಟ್ಟಿರಿ."

ಫೈಲು ಸಿಕ್ಕಿತು. ಹೆಲ್ಮೆಟ್ಟಿನಿಂದ ಫೋನಿನ ಮೂಲೆ ಇಣುಕುತ್ತಿದ್ದ ನನ್ನ ಚಿತ್ರವೂ ಸಿಕ್ಕಿತು.

"ಇಷ್ಟೆಲ್ಲ ನೆನಪಿರೋ ನಿಮಗೆ, ಗಾಡಿ ಮೇಲೆ ಫೋನಲ್ಲಿ ಮಾತಾಡಬಾರದು ಅನ್ನೋದು ಮಾತ್ರ ಮರೆತುಹೋಯ್ತಾ?"

"ಮಾತಾಡ್ತಾ ಇರಲಿಲ್ಲ ಮೇಡಂ. ಕೇಳಿದ್ದಕ್ಕೆ ಹೇಳ್ತಾ ಇದ್ದೆ."

"ಯಾರಿಗೆ, ಏನನ್ನ?"

"ಯಜಮಾನರಿಗೆ, ಸಕ್ಕರೆ ಎಲ್ಲಿದೆ ಅಂತ."

ಅವರು ಲೇಖನಿ ಕೆಳಗಿಟ್ಟರು. "ಸಿಕ್ತಾ ಅವರಿಗೆ?"

"ಇಲ್ಲ ಮೇಡಂ. ಮನೆಗೆ ಹೋಗಿ ನಾನೇ ತೆಗೆದುಕೊಟ್ಟೆ."

ನ್ಯಾಯಪೀಠ ಒಂದು ಗಳಿಗೆ ಕಿಟಕಿಯಾಚೆ ನೋಡಿತು. (ಅವರ ಮನೆಯಲ್ಲೂ ಅಡುಗೆಮನೆ ಇದ್ದೀತು.) ಆಮೇಲೆ, "ಮುಂದೆ ಗಾಡಿ ನಿಲ್ಲಿಸಿ ಹೇಳಿ. ಅಥವಾ ಹೇಳಲೇಬೇಡಿ," ಎಂದು ಬುದ್ಧಿ ಹೇಳಿ, ಚಿಕ್ಕಾಸೂ ರಿಯಾಯಿತಿ ಇಲ್ಲದೆ ದಂಡ ಹಾಕಿದರು. ಮುಂದಿನ ತಿಂಗಳ ನನ್ನ ರಜೆಯನ್ನು ನಾನೇ, ನನ್ನ ಈ ಬಾಯಾರೆ, ಹುಡುಕಿಕೊಟ್ಟು ಕಳೆದುಕೊಂಡಿದ್ದೆ.

ದಂಡ ಕಟ್ಟಿ ಹೊರಗೆ ಬಂದರೆ ಇನ್ನೂ ಮಧ್ಯಾಹ್ನ. ಮನೆಯವರ ಲೆಕ್ಕದಲ್ಲಿ ಸಂಜೆಯ ತನಕ ನಾನು ಕಟಕಟೆಯಲ್ಲಿದ್ದೆ. ಆವರಣದ ಮರದ ಕೆಳಗೊಂದು ಕಲ್ಲುಬೆಂಚು ಖಾಲಿ ಇತ್ತು. ಕುಳಿತೆ. ಹೋದದ್ದು ಹೋಯಿತು, ಈ ಅರ್ಧ ದಿನವನ್ನು ಯಾರೂ ಕಸಿಯಲಾರರು ಎಂದುಕೊಂಡು ಚಪ್ಪಲಿ ಕಳಚಿ, ಪುಸ್ತಕ ತೆರೆದೆ. ಗಾಳಿ ಹಿತವಾಗಿತ್ತು.

"ಅಮ್ಮಾ, ಇನ್ನೂ ಇಲ್ಲೇ ಇದ್ದೀರಲ್ಲ, ಬದುಕಿದೆ."

ಗುಮಾಸ್ತರು ಏದುಸಿರು ಬಿಡುತ್ತಾ ನಿಂತಿದ್ದರು.

"ದಾಖಲೆ ಕೋಣೆಯ ಬೀಗದ ಕೈ ಕಾಣ್ತಿಲ್ಲ. ನಿನ್ನೆಯಿಂದ."

"ನಿನ್ನೆ ನಾನಿಲ್ಲಿಗೆ ಬಂದೇ ಇರಲಿಲ್ಲವಲ್ಲ ಸ್ವಾಮಿ."

"ಅದು ಗೊತ್ತು. ಆದರೂ..."

ನೀವೇ ಹುಡುಕಿಕೊಳ್ಳಿ ಎಂದು ಖಡಾಖಂಡಿತವಾಗಿ ಹೇಳಲು ಬಾಯಿ ತೆರೆದೆ.

"ನಿನ್ನೆ ಯಾವ ಪ್ಯಾಂಟು ಹಾಕ್ಕೊಂಡಿದ್ರಿ?" ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡೆ.