ಸ್ಟೀರಿಂಗ್ ಆಯಿಲಿಗೆ ಒದ್ದೆ ಗೋಣಿಚೀಲ

ಬಿಸಿಯಾದದ್ದನ್ನು ತಣ್ಣಗೆ ಮಾಡುವ ವಿಷಯದಲ್ಲಿ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನನಗಿಂತ ತಿಳಿದವರು ಇರಲಾರರು ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಇಪ್ಪತ್ತೆರಡು ವರ್ಷದಿಂದ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ನಾನು. ಉಷ್ಣದ ಪಾಠವನ್ನು ಪುಸ್ತಕ ತೆರೆಯದೆ ಮಾಡುತ್ತೇನೆ!

ಚಿಂತಾಮಣಿ ರಸ್ತೆಯಲ್ಲೊಂದು ಲೇಔಟ್ ಇದೆ. ಟಾರು ಹಾಕಿದ್ದಾರೆ, ಸೈಟಿನ ಕಲ್ಲು ನೆಟ್ಟಿದ್ದಾರೆ, ಮನೆ ಮಾತ್ರ ಒಂದೂ ಎದ್ದಿಲ್ಲ. ನನ್ನ ಭಾಮೈದ ನಾಗರಾಜ ಮತ್ತು ಅವನ ಗೆಳೆಯರು ಮಾಲೀಕರ ಒಪ್ಪಿಗೆ ಪಡೆದು, ತಿರುವುಗಳಲ್ಲಿ ಹಳೇ ಟೈರು ಜೋಡಿಸಿ, ಭಾನುವಾರ ಬೆಳಿಗ್ಗೆ ಅಲ್ಲಿ ಕಾರು ಓಡಿಸುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಹತ್ತು ಸುತ್ತು. ಅದಕ್ಕೆ ಅವರು ಟ್ರ್ಯಾಕ್ ಎನ್ನುತ್ತಾರೆ. ನಾನೂ ನನ್ನ ಹದಿನೇಳು ವರ್ಷದ ಕಾರಿನೊಂದಿಗೆ ಸದರಿ ಟ್ರ್ಯಾಕಿಗೆ ಪಾದಾರ್ಪಣೆ ಮಾಡಿದೆ.

ಮೂರನೇ ಸುತ್ತಿಗೆ ಸ್ಟೀರಿಂಗ್ ಗೊಂಯ್ ಎಂದಿತು. ನಾಲ್ಕನೆಯದಕ್ಕೆ ಒರಳುಕಲ್ಲಿನಂತೆ ಬಿಗಿಯಾಯಿತು. ಬಾನೆಟ್ಟಿನ ಸಂದಿಯಿಂದ ಸುಟ್ಟ ಎಣ್ಣೆಯ ಹೊಗೆ!

ಅಲೀಪುರದ ಮೆಕ್ಯಾನಿಕ್ ಅಬ್ಬಾಸ್ ಬಂದು ಬಗ್ಗಿ ನೋಡಿದರು.

"ಊರೊಳಗೆ ಓಡ್ಸೋ ಹಂಗಲ್ಲ ಸಾರ್ ಇದು. ಇಲ್ಲಿ ಸ್ಟೀರಿಂಗ್ ತಿರುಗ್ತಾನೇ ಇರುತ್ತೆ, ಇಂಜಿನ್ನೂ ಜೋರಾಗಿರುತ್ತೆ. ಪಂಪು ಆಯಿಲನ್ನ ಒತ್ತಿ ಒತ್ತಿ ಕಾಯಿಸಿಬಿಡುತ್ತೆ. ನಿಮ್ದು ಆಯಿಲ್ ಮೊದ್ಲೇ ಕಪ್ಪಾಗಿದೆ. ಅದರ ಮೇಲೆ ಡಬ್ಬಿ ಬಾಯಿಮಟ್ಟ ಯಾರು ತುಂಬ್ಸಿದ್ದು?"

"ನಾನೇ. ಕಡಿಮೆ ಬಿದ್ದರೆ ಅಂತ…"

"ಬಿಸಿಯಾದ್ರೆ ಉಬ್ಬುತ್ತಲ್ಲ ಸಾರ್, ಉಬ್ಬಿದ್ದು ಎಲ್ಲಿಗೆ ಹೋಗ್ಬೇಕು?"

ಬಿಸಿಯಾದ ದ್ರವ ಹಿಗ್ಗುತ್ತದೆ. ಹಿಂದಿನ ವಾರವಷ್ಟೇ ಬೋರ್ಡಿನ ಮೇಲೆ ಬರೆದಿದ್ದೆ!

ಮನೆಯಲ್ಲಿ ವಸಂತ ತೀರ್ಪು ಕೊಟ್ಟಳು. "ರೀ, ಬರೋ ಭಾನುವಾರ ಹತ್ತು ಸುತ್ತು ನಿಲ್ದೇ ಓಡಿದ್ರೆ ಈ ಕಾರು ಇರುತ್ತೆ. ಮಧ್ಯ ನಿಂತ್ರೆ ಮಾರಿಬಿಡೋಣ. ಆಸ್ಪತ್ರೆಗೋ ಮದ್ವೆಗೋ ಹೊರಟಾಗ ದಾರೀಲಿ ನಿಲ್ಲೋ ಕಾರು ನಂಗೆ ಬೇಡ."

ನಮ್ಮ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದ ಕಾರು ಅದು. ನನ್ನ ತಾಯಿಯನ್ನು ಕೊನೆಯ ಸಲ ನಂದಿಗೆ ಕರೆದೊಯ್ದದ್ದೂ ಅದರಲ್ಲೇ. ಮಾರುವುದೆಂದರೇನು?

ಅಬ್ಬಾಸ್ ಹಳೇ ಆಯಿಲ್ ತೆಗೆದು ಹೊಸದನ್ನು ಗೆರೆಯವರೆಗೆ ಮಾತ್ರ ಹಾಕಿದರು. ಆಯಿಲು ಪಂಪಿಗೆ ಹಿಂದಿರುಗುವ ಪೈಪಿನ ದಾರಿಯಲ್ಲಿ, ರೇಡಿಯೇಟರಿನ ಮುಂದೆ, ಅದನ್ನು ತಣಿಸುವ ಪುಟ್ಟ ಕೂಲರ್ ಕೂರಿಸಿದರು.

"ಗಾಳಿ ಬಡಿದು ತಣ್ಣಗಾಗುತ್ತೆ. ಸ್ಟೀರಿಂಗ್ ಕೊನೇವರೆಗೂ ತಿರುಗ್ಸಿ ಹಂಗೇ ಹಿಡ್ಕೊಂಡಿರ್ಬೇಡಿ. ಅಷ್ಟೇ ಸಾರ್. ಇನ್ನೇನೂ ಮುಟ್ಬೇಡಿ."

ಮುಟ್ಟಬೇಡಿ ಎಂದದ್ದೇ ತಪ್ಪು. ವಾರವೆಲ್ಲ ಆ ಕೂಲರನ್ನೇ ನೋಡಿದೆ. ಅಂಗೈಯಗಲ ಇತ್ತು. ಇಷ್ಟು ಸಾಕೇ? ಬಿಸಿಲು ಜಾಸ್ತಿಯಾದರೆ? ಗಾಳಿ ಕೈಕೊಟ್ಟರೆ?

ಭಾನುವಾರ ಹಲ್ಲುಜ್ಜುವಾಗ ಜ್ಞಾನೋದಯವಾಯಿತು. ನಾನು ಹುಟ್ಟಿದ್ದು ಮೇಲೂರಿನ ರೇಷ್ಮೆ ಮನೆಯಲ್ಲಿ. ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿಗೆ ನಾವು ಒದ್ದೆ ಗೋಣಿಚೀಲ ಕಟ್ಟುತ್ತಿದ್ದೆವು. ಒಳಗೆ ಹುಳುಗಳು ಊಟಿಯಲ್ಲಿದ್ದಂತೆ ಸೊಪ್ಪು ಮೇಯುತ್ತಿದ್ದವು. ಹುಳುವಿಗೆ ಒಗ್ಗಿದ್ದು ಆಯಿಲಿಗೆ ಒಗ್ಗದೇ?

ಎರಡು ಗೋಣಿಚೀಲ ನೆನೆಸಿ, ನಾಲ್ಕು ಮಡಿಕೆ ಮಾಡಿ, ಗ್ರಿಲ್ಲಿನ ಹಿಂದೆ ಕೂಲರಿನ ಮೇಲೆ ಹೊದಿಸಿ ನೈಲಾನ್ ಹಗ್ಗದಿಂದ ಬಿಗಿದೆ. ಮುನ್ನೆಚ್ಚರಿಕೆಗಾಗಿ "ಸ್ಟೀರಿಂಗ್: ಗಮನಿಸಬೇಕಾದ ಅಂಶಗಳು" ಎಂದು ಹಾಳೆಯಲ್ಲಿ ಬರೆದು ಎದುರಿಗೇ ಕಾಣುವಂತೆ ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಅದರ ಹಿಂದೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಇತ್ತು. ಇರಲಿ, ಇವತ್ತಿನ ವಿಷಯ ಇಂಜಿನ್ ಅಲ್ಲವಲ್ಲ!

ವಸಂತ, ನಾಗರಾಜ, ಅಬ್ಬಾಸ್ ಲೇಔಟಿನ ಬೇಲಿ ಪಕ್ಕ ಕೂತರು. ಸುತ್ತು ಶುರುವಾಯಿತು. ಸ್ಟೀರಿಂಗ್ ಎಂದರೆ ಸ್ಟೀರಿಂಗ್! ಬೆಣ್ಣೆ! ಎರಡು, ಮೂರು, ನಾಲ್ಕು. ಗೊಂಯ್ ಎನ್ನಲಿಲ್ಲ, ಬಿಗಿಯಲಿಲ್ಲ. ಐದನೇ ಸುತ್ತಿಗೆ ನಾಗರಾಜ ಎರಡೂ ಕೈ ಎತ್ತಿ ಬೀಸಿದ. ನಾನೂ ಕೈ ಬೀಸಿದೆ. ಆರನೇ ಸುತ್ತಿಗೆ ವಸಂತಳೂ ಎದ್ದು ಸೆರಗು ಬೀಸಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿ ನನ್ನ ಹೆಂಡತಿ ನನ್ನನ್ನು ಬಹಿರಂಗವಾಗಿ ಮೆಚ್ಚಿದ್ದಳು! ಹಾರ್ನ್ ಹೊಡೆದು ವಂದಿಸಿದೆ.

ಏಳನೇ ಸುತ್ತಿನ ತಿರುವಿನಲ್ಲಿ ಮುಂದಿನ ಗಾಜು ಬೆಳ್ಳಗಾಯಿತು. ಮಂಜು ಎಂದುಕೊಂಡೆ. ಏಪ್ರಿಲ್ ತಿಂಗಳು, ಬೆಳಿಗ್ಗೆ ಹತ್ತು ಗಂಟೆ.

ಕಾರು ಒಮ್ಮೆ ನಿಟ್ಟುಸಿರಿಟ್ಟು ನಿಂತಿತು.

ನಾಗರಾಜ ಓಡಿ ಬಂದ. ಗಾಬರಿಗೆ ಅವನ ಬಾಯಲ್ಲಿ ಮೊದಲು ತೆಲುಗೇ ಬಂತು. "ಏಂದಿ ಭಾವ ಇದಿ! ನಿಲ್ಸಿ ನಿಲ್ಸಿ ಅಂತ ಅಷ್ಟು ಕೈ ಬೀಸಿದ್ರೆ ಟಾಟಾ ಮಾಡ್ಕೊಂಡು ಹೋಗ್ತೀರಲ್ಲ!"

ಅಬ್ಬಾಸ್ ಆವಿ ಇಳಿಯುವವರೆಗೂ ಕಾದು ಬಾನೆಟ್ ಎತ್ತಿದರು. ಗೋಣಿಚೀಲ ನೋಡಿದರು. ನನ್ನನ್ನು ನೋಡಿದರು. ಸ್ಟೀರಿಂಗ್ ಆಯಿಲಿನ ಡಬ್ಬಿಯನ್ನು ಮೆಲ್ಲಗೆ ಮುಟ್ಟಿದರು.

"ಇದು ಹಾಯಾಗಿದೆ ಸಾರ್. ಆದ್ರೆ ಹಿಂದೆ ಇರೋ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರ್ಬೇಕು? ಕಂಬ್ಳಿ ಹೊದಿಸಿದ್ದೀರಲ್ಲ!"

ವೈಜ್ಞಾನಿಕವಾಗಿ ನನ್ನ ಪ್ರಯೋಗ ಯಶಸ್ವಿಯಾಗಿತ್ತು. ಸ್ಟೀರಿಂಗ್ ಆಯಿಲ್ ಬಿಸಿಯಾಗಲಿಲ್ಲ. ಉಳಿದ ಕಾರೆಲ್ಲ ಬಿಸಿಯಾಯಿತು.

ವಸಂತ ಹತ್ತಿರ ಬಂದಳು. ಕಾರಿನ ಆಯಸ್ಸು ಮುಗಿಯಿತು ಎಂದು ತಲೆ ತಗ್ಗಿಸಿದೆ.

"ಕೆಟ್ಟೋಯ್ತಾ ಅಬ್ಬಾಸಣ್ಣ?"

"ಇಲ್ಲಮ್ಮ, ಇಂಜಿನ್ ಉಳ್ಕೊಂಡಿದೆ. ಗಟ್ಟಿ ಗಾಡಿ. ಆರಿದ್ಮೇಲೆ ನೀರು ಹಾಕಿ ನೋಡಣ."

ಅವಳು ಅರ್ಧ ಗಂಟೆ ಬೇಲಿ ಪಕ್ಕ ಕೂತು ಯೋಚಿಸಿದಳು. ಆಮೇಲೆ ಗೋಣಿಚೀಲ ಕಿತ್ತು ನನ್ನ ಕೈಗೆ ಕೊಟ್ಟಳು. ಹಾಳೆಯನ್ನೂ ಕಿತ್ತು ಕೊಟ್ಟಳು. ಅಬ್ಬಾಸ್ ನೀರು ತುಂಬಿಸಿ, ಸೋರುತ್ತಿಲ್ಲವೆಂದು ನೋಡಿ ಹೂಂ ಎಂದ ಮೇಲೆ ತಾನೇ ಸ್ಟೀರಿಂಗ್ ಹಿಡಿದಳು. ಮೊದಲಿನಿಂದ, ಹತ್ತು ಸುತ್ತು. ನಿಲ್ಲಲಿಲ್ಲ. ಹೊಗೆಯಿಲ್ಲ, ಆವಿಯಿಲ್ಲ. ಅಬ್ಬಾಸ್ ಚಪ್ಪಾಳೆ ತಟ್ಟಿದರು.

ಇಳಿದು ಬಂದು ಹೇಳಿದಳು: "ಕಾರು ಮಾರಲ್ಲ ರೀ. ಪಾಪ, ಅದರದ್ದೇನೂ ತಪ್ಪಿಲ್ಲ."

ನನ್ನ ಕಾರು ಉಳಿಯಿತು! ಸಂತೋಷಕ್ಕೆ ಕಣ್ಣು ತುಂಬಿಬಂತು. ಅಷ್ಟರಲ್ಲಿ ಅವಳು ನಾಗರಾಜನಿಂದ ಮುಂದಿನ ಭಾನುವಾರದ ಫಾರಂ ತೆಗೆದುಕೊಂಡು ತುಂಬತೊಡಗಿದಳು. ಹೆಗಲ ಮೇಲಿಂದ ಇಣುಕಿದೆ. ಚಾಲಕರು: ವಸಂತ. ಸಹಾಯಕರು ಎಂಬಲ್ಲಿ ನನ್ನ ಹೆಸರಿತ್ತು. ಎದೆಯುಬ್ಬಿತು. ಅದರ ಪಕ್ಕದಲ್ಲಿ ನನ್ನ ಕೆಲಸವನ್ನೂ ಸ್ಪಷ್ಟವಾದ ದುಂಡಕ್ಷರದಲ್ಲಿ ನಮೂದಿಸಿದ್ದಳು:

"ಕಾರಿನಿಂದ ದೂರ ನಿಲ್ಲುವುದು."