ಬೈಪಾಸಿನ ಚೌಕಾಸಿ

ಗುರುಪಾದ ನಮ್ಮ ಎದುರು ಮನೆಯವನು. ಆಟೊ ಮೀಟರ್ ರಿಪೇರಿ ಅವನ ಕೆಲಸ. ಅವನ ಕೈಗೆ ಕೊಟ್ಟ ಮೀಟರ್ ಕೊಟ್ಟಂತೆಯೇ ವಾಪಸ್ ಬಂದದ್ದನ್ನು ಹಳೇ ಹುಬ್ಬಳ್ಳಿಯಲ್ಲಿ ಯಾರೂ ಕಂಡಿಲ್ಲ. ತನ್ನದೊಂದು ಹೊಸ ಬುದ್ಧಿ ಸೇರಿಸದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ.

ಆ ಸೋಮವಾರ ಬೆಳಿಗ್ಗೆ ನಾನು ಬಾಡಿಗೆಗೆ ಓಡಿಸುವ ನನ್ನ ಮೂರು ಗಾಲಿಯ ಟಂಟಂ ಒರೆಸುತ್ತಿದ್ದೆ. ಅವನು ಒಂದು ತಗಡಿನ ಡಬ್ಬಿ ತಂದು, ಕೇಳದೆ ಕರೆಯದೆ, ಹ್ಯಾಂಡಲ್ ಪಕ್ಕಕ್ಕೆ ಸ್ಕ್ರೂ ಹಾಕಿ ಬಿಗಿದೇಬಿಟ್ಟ. ಡಬ್ಬಿಯ ಮೇಲೆ ಎರಡು ಹಳೆಯ ಮೀಟರ್‌ಗಳು.

"ಲೇ ಗುರುಪಾದಾ, ಇವತ್ತ ಬ್ಯಾಡ. ಇವತ್ತ ಏನರೆ ಆತಂದ್ರ ನಿನ್ನ ಕೈಕಾಲು ನನ್ನ ಕೈಯಾಗ ಇರ್ತಾವ," ಅಂದೆ.

"ಇವತ್ತ ಬೇಕಂತನs ತಂದೀನಿ ಯಮನಪ್ಪಾ. ಎಡಗಡೆದು ಹಳೇ ರಸ್ತಾ, ಬಲಗಡೆದು ಬೈಪಾಸ್. ಯಾವುದು ಎಷ್ಟು ದೂರ, ಯಾವುದಕ್ಕ ಎಷ್ಟು ಹೊತ್ತು, ಕೂತಲ್ಲೇ ಹೇಳತೈತಿ."

ನನಗೆ ಸಿಟ್ಟು ಬರಲು ಕಾರಣವಿತ್ತು. ಅವತ್ತು ಹನ್ನೊಂದು ಗಂಟೆಗೆ ನನ್ನ ಹೆಂಡತಿ ದಾನವ್ವನಿಗೆ ಧಾರವಾಡದಲ್ಲಿ ಧ್ವನಿ ಪರೀಕ್ಷೆ. ಅಲ್ಲಿ ಹೊಸದಾಗಿ ಶುರುವಾದ ರೇಡಿಯೊ ಕೇಂದ್ರದವರು ಬೀಸುವ ಕಲ್ಲಿನ ಪದ ಹಾಡುವವರನ್ನು ಕರೆದಿದ್ದರು. ಆ ಪದಕ್ಕೆ ಇಬ್ಬರು ಬೇಕು. ಒಬ್ಬಳು ಎತ್ತಬೇಕು, ಇನ್ನೊಬ್ಬಳು ಹಿಡಿಯಬೇಕು. ಎತ್ತುವವಳು ದಾನವ್ವ, ಹಿಡಿಯುವವಳು ನನ್ನ ತಂಗಿ ಕಲ್ಲವ್ವ. ಕಲ್ಲವ್ವನ ಮನೆ ವಿದ್ಯಾನಗರದಲ್ಲಿ. ಅವಳು ಅಲ್ಲಿಂದಲೇ ಬಸ್ಸು ಹತ್ತಿ ಹಳೇ ರಸ್ತೆಯಲ್ಲಿ ಬರುವುದೆಂದು ಮಾತಾಗಿತ್ತು. ಇಬ್ಬರಲ್ಲಿ ಒಬ್ಬರು ತಡವಾದರೂ ಪರೀಕ್ಷೆ ಇಲ್ಲ, ಹನ್ನೊಂದರ ನಂತರ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಕೇಂದ್ರದವರು ಖಡಾಖಂಡಿತ ಹೇಳಿದ್ದರು. ದಾನವ್ವ ಹಿಂದಿನ ದಿನದಿಂದ ಕಲ್ಲುಸಕ್ಕರೆ ಚೀಪುತ್ತ ಗಂಟಲು ಕಾಯುತ್ತಿದ್ದಳು. ಒಂದು ಇಡೀ ದಿನ ಅವಳು ನನ್ನನ್ನು ಬೈದಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದೇ ಅದು.

ಗುರುಪಾದ ಗುಂಡಿ ಒತ್ತಿದ. ಡಬ್ಬಿಯೊಳಗಿಂದ ಹೆಂಗಸಿನ ದಪ್ಪ ಧ್ವನಿ ಬಂತು.

"ಹಳೇ ರಸ್ತಾ ಇಪ್ಪತ್ತು ಕಿಲೋಮೀಟರ್, ಐವತ್ತು ನಿಮಿಷ. ಬೈಪಾಸ್ ಮೂವತ್ತು ಕಿಲೋಮೀಟರ್, ನಲವತ್ತು ನಿಮಿಷ. ಯಾವುದು ಕೊಡ್ಲಿ?"

"ಇದು ಹುಸೇನಬಿ ಧ್ವನಿ ಅಲ್ಲೇನಲೇ? ಮಾರ್ಕೆಟ್ಟಿನ್ಯಾಗ ಕಾಯಿಪಲ್ಲೆ ಮಾರ್ತಾಳಲ್ಲ, ಆಕಿದು?"

"ಆಕಿ ಬಾಜೂಕ ತಿಂಗಳಗಟ್ಟಲೆ ಇಟ್ಟು ಈ ಡಬ್ಬಿಗೆ ಮಾತು ಕಲಿಸೀನಿ. ಎಂಥಾ ಗದ್ದಲದಾಗೂ ಆಕಿ ಮಾತು ಕೇಳಸ್ತೈತಿ," ಎಂದು ಗುರುಪಾದ ಎದೆಯುಬ್ಬಿಸಿದ.

ದಾನವ್ವ ಗಾಡಿ ಹತ್ತಿ ಕುಳಿತವಳು ಕಲ್ಲುಸಕ್ಕರೆಯನ್ನು ದವಡೆಗೆ ತಳ್ಳಿ, ಯೋಚನೆ ಮಾಡದೆ, ರೂಢಿಯ ಬಲದಿಂದ ಹೇಳಿದಳು: "ಬೈಪಾಸ್ ಮೂವತ್ತಾ? ಯಾರು ತಗೋತಾರವಾ. ಇಪ್ಪತ್ತು ಮಾಡು."

"ಬರಂಗಿಲ್ಲ ಯವ್ವಾ. ಇಪ್ಪತ್ತೆಂಟು ಮಾಡ್ಕೋ," ಎಂದಿತು ಡಬ್ಬಿ.

"ನಡೀರಿ, ಮುಂದಿನ ಅಂಗಡಿ ನೋಡೂಣು," ಎಂದು ದಾನವ್ವ ಮುಖ ತಿರುಗಿಸಿದಳು.

"ಬಾ ಇಲ್ಲಿ, ಬಾ. ಬೋಣಿಗಿ ಹೊತ್ತು, ನಿನಗಂತ ಇಪ್ಪತ್ತೆರಡು."

ಬಲಗಡೆಯ ಮೀಟರ್ ಕಿರ್ ಎಂದು ತಿರುಗಿ ಇಪ್ಪತ್ತೆರಡಕ್ಕೆ ನಿಂತಿತು. ಮೂವರೂ ನಕ್ಕೆವು. ಗುರುಪಾದ ದಾನವ್ವನ ಪಕ್ಕದಲ್ಲಿ ಕುಳಿತ. ಗಾಡಿ ಬಿಟ್ಟೆ.

ಬೈಪಾಸ್ ಹತ್ತಿದ ಮೇಲೆ ನಗು ನಿಂತಿತು. ನಾನು ಎಷ್ಟೋ ವರ್ಷದಿಂದ ಓಡಾಡಿದ ರಸ್ತೆ ಅದು. ಅವತ್ತು ದಾರಿಯ ಹೊಲಗಳೆಲ್ಲ ಅರ್ಧರ್ಧ ಇದ್ದವು. ದೂರದ ಸೇತುವೆ ತಾನೇ ಓಡಿ ಬಂದು ಗಾಡಿಯ ಕೆಳಗೆ ನುಸುಳಿತು. ನನ್ನ ಟಂಟಂ ಮಾತ್ರ ಎಂದಿನಂತೆ ಉಬ್ಬಸಪಡುತ್ತಲೇ ಇತ್ತು.

"ರಸ್ತಾ ಖರೇನs ಕಡಿಮಿ ಆಗೇತಿ," ಎಂದ ಗುರುಪಾದ. ಅವನ ಮುಖ ಬಿಳಿಚಿತ್ತು. "ಎಲ್ಲಾ ಸರಿ ಇದ್ದಾಗ ರಸ್ತಾ ಓಡಿದಂಗ ಮೀಟರ್ ಓಡತೈತಿ ಹೌದಿಲ್ಲೊ? ನಾ ವೈರ್ ತಿರುವಿ ಹಾಕೀನಿ ಕಾಣಸ್ತೈತಿ. ಈಗ ಮೀಟರ್ ಹೆಂಗೋ ರಸ್ತಾ ಹಂಗ."

"ಆಗಲಿ ಬಿಡು, ಲಗೂ ಮುಟ್ಟತೇವಿ," ಎಂದು ನಾನು ಅನ್ನುವಷ್ಟರಲ್ಲಿ ದಾನವ್ವನ ಫೋನ್ ಬಡಿದುಕೊಂಡಿತು. ಅವಳು ಸ್ಪೀಕರ್ ಹಾಕಿದಳು. ಕಲ್ಲವ್ವ.

"ವೈನೀ, ಉಣಕಲ್ ಕೆರಿ ಮುಗೀವಲ್ದು. ಆಗಿನಿಂದ ಬಸ್ಸು ಓಡಾಕತ್ತೈತಿ, ಬಾಜೂಕ ಅದs ಕೆರಿ. ಮಂದಿ ಕಂಡಕ್ಟರನ್ನ ಹಿಡಕೊಂಡು ಜಗ್ಗಾಡಾಕತ್ತಾರ."

ನಾನು ಡಬ್ಬಿ ನೋಡಿದೆ. ಎಡಗಡೆಯ ಮೀಟರ್ ಇಪ್ಪತ್ತೆಂಟು ತೋರಿಸುತ್ತಿತ್ತು.

"ಲೇ, ಇಲ್ಲಿ ಕಡಿಮಿ ಆದ ಎಂಟು ಕಿಲೋಮೀಟರ್ ಎಲ್ಲಿಗೆ ಹೋತು?"

"ಎಲ್ಲಿಗೆ ಹೋಗತೈತಿ? ಡಬ್ಬಿ ಅದನ್ನ ಆ ಕಡೆ ರಸ್ತಾದ ಪುಟ್ಟಿಗೆ ಸುರುವೇತಿ," ಎಂದ ಗುರುಪಾದ ತಣ್ಣಗೆ. ಕೈಗೆ ಸಿಕ್ಕಿದ್ದರೆ ಅಲ್ಲೇ ಇಳಿಸಿಬಿಡುತ್ತಿದ್ದೆ. ಆದರೆ ಸ್ಕ್ರೂ ಬಿಚ್ಚಲು ಅವನೇ ಬೇಕಿತ್ತು, ಸ್ಕ್ರೂ ಡ್ರೈವರ್ ಅವನ ಮನೆಯಲ್ಲಿತ್ತು.

ಗಂಟೆ ಹತ್ತು ದಾಟಿತ್ತು. ನಾನು ನಡೆದದ್ದನ್ನು ಕೂಗಿ ಕೂಗಿ ಕಲ್ಲವ್ವನಿಗೆ ತಿಳಿಸಿದೆ. ಅವಳು ತಿಳಿದುಕೊಂಡದ್ದು ಇಷ್ಟೇ: ಅತ್ತಿಗೆ ತನಗಾಗಿ ಹಗುರ ದಾರಿ ತೆಗೆದುಕೊಂಡು ಭಾರದ್ದನ್ನು ನಾದಿನಿಯ ತಲೆಗೆ ಕಟ್ಟಿದ್ದಾಳೆ.

"ಹೌದೇನ್ ವೈನಿ? ಫೋನ್ ಆ ಡಬ್ಬಿ ಹತ್ರ ಹಿಡಿ. ಏ ಅಕ್ಕಾ, ಹಳೇ ರಸ್ತಾ ಹೆಂಗ?"

"ಇಪ್ಪತ್ತೆಂಟು ತಂಗಿ."

"ನಿನ್ನೆ ಇಪ್ಪತ್ತಿತ್ತು. ಮಂದಿ ಮಾರಿ ನೋಡಿ ರೇಟು ಹೇಳ್ತಿಯೇನು? ಹದಿನೈದು."

"ಹದಿನೆಂಟು ತಗೊಂಡು ಹೋಗವಾ, ತಲಿ ತಿನ್ನಬ್ಯಾಡ."

ಎಡಗಡೆಯ ಮೀಟರ್ ಇಳಿಯಿತು, ಬಲಗಡೆಯದು ಏರಿತು. ನಮ್ಮ ಎದುರಿಗೆ ಧಾರವಾಡದ ಕಡೆಯ ನೀರಿನ ಟ್ಯಾಂಕ್ ಇನ್ನೇನು ಕೈಗೆ ಸಿಗುವಂತೆ ಕಾಣುತ್ತಿತ್ತು. ಅದು ಹಿಂದಕ್ಕೆ ಸರಿಯಿತು. ನೋಡುತ್ತಿದ್ದಂತೆ ಬೆರಳಿನಷ್ಟಾಯಿತು. ಪಕ್ಕದ ಲಾರಿಯ ಡ್ರೈವರ್ ಕಿಟಕಿಯಿಂದ ಬಗ್ಗಿ ತನ್ನ ಗಾಲಿಗಳು ತಿರುಗುತ್ತಿವೆಯೋ ಇಲ್ಲವೋ ಎಂದು ನೋಡಿದ.

"ಕಲ್ಲವ್ವಾ, ನಾ ಎತ್ತಲಿಲ್ಲಂದ್ರ ನೀ ಏನ್ ಹಿಡೀತಿ?" ಎಂದು ದಾನವ್ವ ಕಿರುಚಿದಳು. ಒಂದು ದಿನ ಕಾಯ್ದ ಗಂಟಲು ಹೋಯಿತು. "ಏ ಹುಸೇನಬಿ, ಬೈಪಾಸ್ ಇಪ್ಪತ್ತಕ್ಕ ಕೊಡು."

"ಈಗ ಆ ತಂಗಿ ಕಡಿಮಿ ಒಯ್ದಾಳ. ನಿನಗ ಹೆಂಗ ಕೊಡ್ಲಿ?"

"ನಾ ಮೊದಲಿನ ಗಿರಾಕಿ."

"ನಾ ಬಸ್ಸಿನ್ಯಾಗ ನಿಂತೀನಿ, ನೀ ಆರಾಮ ಕುಂತೀದಿ," ಎಂದಿತು ಫೋನು.

ಮೀಟರ್‌ಗಳು ಏರುತ್ತ ಇಳಿಯುತ್ತ ಗಿರಗಿರ ತಿರುಗಿದವು. ನೀರಿನ ಟ್ಯಾಂಕ್ ಬಂತು, ಹೋಯಿತು. ಒಂದೇ ಗುಡ್ಡವನ್ನು ಮೂರು ಸಲ ದಾಟಿದೆವು. ಪೆಟ್ರೋಲ್ ಮುಳ್ಳು ಕೆಳಗೆ ಮಲಗಿತು. ಗುರುಪಾದ ಉಗುರಿನಿಂದ ಸ್ಕ್ರೂ ತಿರುವಲು ಹೋಗಿ ಉಗುರು ಮುರಿದುಕೊಂಡ. ಹತ್ತೂ ಮುಕ್ಕಾಲಾಯಿತು. ನನ್ನ ತಲೆ ಕೆಟ್ಟಿತು.

"ಬಾಯಿ ಮುಚ್ಚರಿ ಇಬ್ರೂ," ಎಂದು ಗದರಿದೆ. "ಒಬ್ಬಾಕಿ ಮುಟ್ಟಿ ಏನ್ ಮಾಡ್ತೀರಿ? ಒಬ್ಬಾಕಿ ಕಲ್ಲು ಕುಟ್ಟಬೇಕಷ್ಟ, ಬೀಸೋ ಪದ ಹಾಡಾಕಾಗಂಗಿಲ್ಲ."

ದಾನವ್ವ ಮೂಗು ಸೇದಿಕೊಂಡು, ಕಷ್ಟಪಟ್ಟು, ಹಲ್ಲಿನ ಸಂದಿಯಿಂದ ಹೇಳಿದಳು: "ಹುಸೇನಬಿ, ಇಬ್ಬರಿಗೂ ಸರಿಸಮ ಹಾಕವಾ. ಆಕಿಗೆ ಒಂಚೂರು ಕಡಿಮಿ ಆದರೂ ನಡೀತೈತಿ. ನಿಂತು ಬರಾಕತ್ತಾಳ."

"ಬ್ಯಾಡ, ಸರಿಸಮನs ಇರಲಿ," ಎಂದಳು ಕಲ್ಲವ್ವ. ಧ್ವನಿ ಇಳಿದಿತ್ತು.

"ಇಬ್ಬರಿಗೂ ಇಪ್ಪತ್ತೈದು. ವ್ಯಾಪಾರ ಮುಗೀತು," ಎಂದಿತು ಡಬ್ಬಿ.

ಅಷ್ಟಕ್ಕೇ ಬಿಡಬೇಕಿತ್ತು. ಆದರೆ ದಾನವ್ವ ಜೀವಮಾನದಲ್ಲಿ ವ್ಯಾಪಾರ ಮುಗಿದ ಮೇಲೆ ಸುಮ್ಮನೆ ಚೀಲ ಎತ್ತಿಕೊಂಡು ಬಂದವಳಲ್ಲ.

"ಒಂಚೂರು ಕೊಸರು ಹಾಕವಾ."

ನಾನು ಅವಳ ಬಾಯಿ ಮುಚ್ಚಲು ಹೋದೆ. ಕೈ ತಲುಪಲಿಲ್ಲ.

"ತಗೋ, ಕೊಸರು ಒಂದು ಕಿಲೋಮೀಟರ್," ಎಂದ ಡಬ್ಬಿ ಬುಸ್ಸೆಂದು ಹೊಗೆ ಬಿಟ್ಟು ಸತ್ತಿತು.

ರೇಡಿಯೊ ಕೇಂದ್ರದ ಗೇಟಿಗೆ ಬಂದು ನಿಂತಾಗ ಪೆಟ್ರೋಲ್ ಮುಗಿಯಿತು. ಎದುರಿನ ಸ್ಟಾಪಿನಲ್ಲಿ ಇಳಿದ ಕಲ್ಲವ್ವ ಸೀರೆ ಎತ್ತಿಕೊಂಡು ಓಡಿ ಬಂದಳು. ಹನ್ನೊಂದಕ್ಕೆ ಎರಡು ನಿಮಿಷ. ಗೆದ್ದೆವು ಎಂದುಕೊಂಡೆ. ಆಗ ಒಳಗೆ ನೋಡಿದೆ.

ಕೊಸರು ಅಲ್ಲಿ ಬಿದ್ದಿತ್ತು. ಗೇಟಿನಿಂದ ಕಟ್ಟಡಕ್ಕೆ ಮೊದಲು ಇಪ್ಪತ್ತು ಹೆಜ್ಜೆ ಇದ್ದಿರಬೇಕು. ಈಗ ಅಂಗಳ ಒಂದು ಕಿಲೋಮೀಟರ್ ಉದ್ದ ಮಲಗಿತ್ತು. ಆ ತುದಿಯಲ್ಲಿ ಬಾಗಿಲು, ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತ ಸಾಹೇಬರು, ಕಡ್ಡಿಪೆಟ್ಟಿಗೆಯ ಚಿತ್ರದಷ್ಟು.

ಗುರುಪಾದ ತಲೆ ಮೇಲೆ ಕೈ ಹೊತ್ತು ಕುಳಿತ. ದಾನವ್ವ ಕಲ್ಲವ್ವನನ್ನು ನೋಡಿದಳು. ಬೈಗುಳಕ್ಕೂ ಹೊತ್ತಿರಲಿಲ್ಲ. ಹರಿದ ಗಂಟಲಲ್ಲೇ ಪದ ಎತ್ತಿದಳು. ಕಲ್ಲವ್ವ ಹಿಡಿದಳು. ಇಬ್ಬರೂ ಹಾಡುತ್ತಲೇ ನಡೆದರು. ಹಿಟ್ಟು ಬೀಳುವ ಹಾಗೆ ಸಾಲಿನ ಮೇಲೆ ಸಾಲು ಬಿದ್ದವು. ನೂರು ಹೆಜ್ಜೆ ಹಾಕುವಷ್ಟರಲ್ಲಿ ಹನ್ನೊಂದು ಹೊಡೆಯಿತು. ಅವರು ನಿಲ್ಲಿಸಲಿಲ್ಲ. ನಾನು ಹಿಂದೆ ನಡೆದೆ. ಬಾಗಿಲು ಮುಟ್ಟಿದಾಗ ಒಂದು ಸೇರು ಜೋಳ ಬೀಸುವಷ್ಟು ಪದ ಮುಗಿದಿತ್ತು.

"ಹನ್ನೊಂದಾದ ಮ್ಯಾಲೆ ಯಾರನ್ನೂ ಒಳಗ ಬಿಡಂಗಿಲ್ರೀ," ಎಂದರು ಸಾಹೇಬರು.

ದಾನವ್ವ ಗೇಟಿನ ಕಡೆ ಹೊರಳಿದಳು. ಕಲ್ಲವ್ವ ರಟ್ಟೆ ಹಿಡಿದಳು. ಸಾಹೇಬರೇ ಮುಂದುವರಿಸಿದರು:

"ಒಳಗ ಬಂದೇನ್ ಮಾಡ್ತೀರಿ? ಹನ್ನೊಂದಕ್ಕ ಮೊದಲs ಶುರು ಮಾಡೀರಿ, ಗಾಳಿ ಈ ಕಡೆ ಐತಿ, ನಾ ಇಲ್ಲೇ ನಿಂತು ಎಲ್ಲಾ ಕೇಳೀನಿ. ಆತು ಪರೀಕ್ಷಾ. ಮುಂದಿನ ವಾರ ರೆಕಾರ್ಡಿಂಗಿಗೆ ಬರ್ರಿ. ಆ ಗಂಟಲಾ ಹಂಗs ಹರದಿರಲಿ, ಹಿಟ್ಟಿನ ಧೂಳು ಹೊಕ್ಕಂಗ ಕೇಳಸ್ತೈತಿ."

ಅಂಗಳ ಇವತ್ತಿಗೂ ಹಾಗೇ ಇದೆ. ಗುರುಪಾದನಿಗೆ ಅದನ್ನು ಗಿಡ್ಡ ಮಾಡಲು ಬಂದಿಲ್ಲ. ಸದ್ಯ ಯಾರೂ ಅವನನ್ನು ಕೇಳಿಯೂ ಇಲ್ಲ. ನಾನು ಹುಬ್ಬಳ್ಳಿಯ ಬಾಡಿಗೆ ಬಿಟ್ಟು ಗೇಟಿನಿಂದ ಬಾಗಿಲಿಗೆ ಟಂಟಂ ಓಡಿಸುತ್ತಿದ್ದೇನೆ. ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಹೇಳುವುದಿಲ್ಲ. ಹತ್ತಿ ಕೂಡ್ರಿ ಎನ್ನುತ್ತೇನೆ.